ನೀರುಗಂಟಿ ಕಾಲಜ್ಞಾನಿಯಾದದ್ದು

"ಗುರುಗಳೇ, ಕಾಲಜ್ಞಾನಿ ಎಂಬ ಮಾತಿನ ಅರ್ಥವೇನು? ಅದನ್ನು ಯಾರಿಗೆ ಹೇಳಬೇಕು?"

ಕೇಳಿದವನು ವೆಂಕೋಬ. ಪಂಚಾಂಗ ಓದುವುದನ್ನು ಕಲಿತು ಮುಗಿಸಿದ್ದ. ಪೇಟೆಯಲ್ಲಿ ಒಂದು ಕೋಣೆ ಹಿಡಿದಿದ್ದ. ಬೋರ್ಡಿನಲ್ಲಿ ತನ್ನ ಹೆಸರಿನ ಹಿಂದೆ ಆ ಪದವನ್ನು ಬರೆಸಬೇಕೆಂಬುದು ಅವನ ಆಸೆ. ಗುರುಗಳು ಒಂದು ಸಲ ಹೂಂ ಎಂದರೆ ಸಾಕಿತ್ತು. ಗುರುಗಳು ಚಹಾದಂಗಡಿಯ ಬೆಂಚಿನ ಮೇಲೆ ಕಾಲು ಮಡಚಿ ಕೂತಿದ್ದರು.

"ಸರಿಯಾದವನನ್ನೇ ಕೇಳಿದೆ" ಎಂದರು. "ಆ ಪದ ಲೋಕಕ್ಕೆ ಬಂದದ್ದೇ ನನ್ನಿಂದ. ನಾನು ಹುಟ್ಟುವ ಮೊದಲು ಜನಕ್ಕೆ ನಾಳೆ ಎಂಬುದೊಂದಿದೆ ಎಂದೇ ಗೊತ್ತಿರಲಿಲ್ಲ." ಮೀಸೆ ಒರೆಸಿಕೊಂಡರು. "ಸುಳ್ಳು. ಹೋದ ವಾರ ಚಪ್ಪಲಿ ಎಲ್ಲಿ ಬಿಟ್ಟೆನೆಂದು ಇವತ್ತಿಗೂ ತಿಳಿದಿಲ್ಲ ನನಗೆ. ಆದರೆ ಒಂದು ಕತೆ ಗೊತ್ತು. ಕೇಳು."

ಒಂದು ಊರಿನಲ್ಲಿ ಒಬ್ಬ ನೀರುಗಂಟಿ ಇದ್ದ. ಕೆರೆ ಕಾಯುವುದು, ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುವುದು ಅವನ ಕೆಲಸ. ದಿನವೂ ಬೆಳಗ್ಗೆ ಏರಿಯ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದ. ಏಡಿ ಬಿಲ ತೋಡಿದ್ದರೆ ಅವನ ಕಣ್ಣಿಗೆ ಬೀಳುತ್ತಿತ್ತು. ಬಿಲದಿಂದ ಒಸರುವ ನೀರು ತಿಳಿಯಾಗಿದ್ದರೆ ಭಯವಿಲ್ಲ. ಕದಡಿದ್ದರೆ ಏರಿ ಒಳಗಿನಿಂದ ಕರಗುತ್ತಿದೆ ಎಂದರ್ಥ. ಆಗ ಅವನು ಜೇಡಿಮಣ್ಣು ಕಲಸಿ ಬಿಲದೊಳಕ್ಕೆ ಗಿಡಿದು, ಹಿಮ್ಮಡಿಯಿಂದ ತುಳಿದು, ಮನೆಗೆ ಹೋಗಿ ಅಂಬಲಿ ಕುಡಿಯುತ್ತಿದ್ದ. ಹದಿನೆಂಟು ವರ್ಷ ಹೀಗೆ ನಡೆಯಿತು. ಹದಿನೆಂಟು ವರ್ಷ ಊರಿಗೆ ಏನೂ ಆಗಲಿಲ್ಲ. ಏನೂ ಆಗದ ಊರಿನಲ್ಲಿ ನೀರುಗಂಟಿಯನ್ನು ಯಾರು ಕೇಳುತ್ತಾರೆ? ಸುಗ್ಗಿಯಲ್ಲಿ ಅವನ ಪಾಲಿಗೆ ಮೊರದ ತುಂಬ ಭತ್ತ ಅಳೆಯುವಾಗಲೂ "ಇವನೇನು ಮಾಡ್ತಾನಪ್ಪ, ಏರಿ ಮೇಲೆ ಅಡ್ಡಾಡ್ತಾನೆ" ಎಂದು ಗೊಣಗುತ್ತಿದ್ದರು.

ಆ ವರ್ಷ ಊರಿಗೆ ಒಬ್ಬ ಕಣಿ ಹೇಳುವವನು ಬಂದ. ಗೌಡನ ಹಸು ಹೋರಿಗರು ಹಾಕುತ್ತದೆ ಎಂದ. ಹಾಕಿತು. ಹಾಕದೆ ಏನು ಮಾಡೀತು, ಇರುವುದೇ ಎರಡು ಜಾತಿ. ಆದರೂ ಗೌಡ ಅವನನ್ನು ಜಗಲಿಯ ಮೇಲೆ ಕೂರಿಸಿ, ಶಾಲು ಹೊದಿಸಿ, ಕಾಲಜ್ಞಾನಿ ಎಂದು ಕೈ ಮುಗಿದ. ಅಂಗಳದಲ್ಲಿ ನಿಂತು ನೀರುಗಂಟಿ ಅದನ್ನು ನೋಡಿದ. ಅವತ್ತು ಅಂಬಲಿಯನ್ನು ಅರ್ಧಕ್ಕೇ ಬಿಟ್ಟು ಎದ್ದ.

ಮರುದಿನ ಏರಿಯ ತಗ್ಗಿನಲ್ಲಿ ಒಂದು ಏಡಿಬಿಲ ಕಂಡಿತು. ಬೆರಳು ಹೋಗುವಷ್ಟು. ನೀರು ಕದಡಿತ್ತು. ಅವನು ಮಣ್ಣಿಗೆ ಕೈ ಹಾಕಿದವನು ನಿಂತ. ನೇರವಾಗಿ ಅರಳಿಕಟ್ಟೆಗೆ ಬಂದು ಹೇಳಿದ: "ಶುಕ್ರವಾರ ಕೆರೆ ಒಡೆಯುತ್ತದೆ. ಯಾರೂ ಏರಿಯ ಕೆಳಗೆ ಇಳಿಯಬೇಡಿ. ನನಗೆ ಕನಸು ಬಿದ್ದಿದೆ."

ಬಿಲ ಕಂಡೆ ಎನ್ನಬಹುದಿತ್ತು. ಎಂದಿದ್ದರೆ "ಕಂಡರೆ ಮುಚ್ಚು, ಇಲ್ಲಿಗ್ಯಾಕೆ ಬಂದೆ?" ಎನ್ನುತ್ತಿದ್ದರು. ಅದಕ್ಕೇ ಕನಸು.

ಅವನು ಕೆಟ್ಟವನಲ್ಲ, ವೆಂಕೋಬ. ಲೆಕ್ಕ ಹಾಕಿದ್ದ. ಆ ಬಿಲ ಹಿಗ್ಗುವುದಕ್ಕೆ ಮೂರು ದಿನ ಬೇಕು. ಅಷ್ಟರಲ್ಲಿ ಜನ ದನಕರು ಹೊಡೆದುಕೊಂಡು ದಿಬ್ಬ ಹತ್ತುತ್ತಾರೆ. ಒಂದು ಬೆಳೆ ಹೋಗುತ್ತದೆ, ಜೀವ ಹೋಗುವುದಿಲ್ಲ. ಆಮೇಲೆ ತನಗೂ ಒಂದು ಜಗಲಿ, ಒಂದು ಶಾಲು.

ಜನ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಒಬ್ಬ ಕುಂಬಾರ.

ಬುಧವಾರ ಬಿಲ ಮುಂಗೈ ಹಿಡಿಯುವಷ್ಟಾಯಿತು. ಸಂಜೆ ನೀರುಗಂಟಿ ಅದನ್ನು ಕಂಡ. ಶಾಲೂ ಬೇಡ, ಜಗಲಿಯೂ ಬೇಡ ಎಂದು ಓಡಿದ. ಜೇಡಿಮಣ್ಣು ಕಲಸಿದ. ಉಂಡೆ ಕಟ್ಟಿ ಬಿಲದ ಬಾಯಿಗೆ ಬಗ್ಗಿದ. ಏರಿಯ ಮೇಲೆ ಕುಂಬಾರ ಕತ್ತೆ ಹೊಡೆದುಕೊಂಡು ಹೋಗುತ್ತಿದ್ದ.

"ಏನಪ್ಪಾ ಕಾಲಜ್ಞಾನಿ! ನಾಡಿದ್ದು ತಾನೇ ಪ್ರಳಯ? ನನ್ನ ಕತ್ತೆಗೂ ಒಂದು ಮುಹೂರ್ತ ನೋಡು!"

ನೀರುಗಂಟಿಯ ಕೈಯಿಂದ ಉಂಡೆ ಜಾರಿತು. ಅವನು ಅದನ್ನು ಎತ್ತಿಕೊಳ್ಳಲಿಲ್ಲ.

ಏರಿ ಶುಕ್ರವಾರದವರೆಗೆ ಕಾಯಲಿಲ್ಲ. ಗುರುವಾರ ಹೊತ್ತೇರುವಾಗ ಒಡೆಯಿತು. ನೀರು ಗದ್ದೆಗಳ ಮೇಲೆ ಬಿತ್ತು. ಕುಂಬಾರನ ದೊಡ್ಡ ಮಗಳು ತೂಬಿನ ಕೆಳಗೆ ಹೊನಗೊನೆ ಸೊಪ್ಪು ಕೊಯ್ಯುತ್ತಿದ್ದಳು. ಒಂಬತ್ತು ವರ್ಷ. ಮಧ್ಯಾಹ್ನ ಬೇಲಿಯಲ್ಲಿ ಸಿಕ್ಕಳು. ಮಡಿಲಿನಲ್ಲಿ ಸೊಪ್ಪು ಹಾಗೇ ಇತ್ತು.

ನೀರುಗಂಟಿ ಒಡೆದ ಏರಿಯ ಮೇಲೆ ಕೂತ. ಊರೆಲ್ಲ ತನ್ನ ಕಡೆಗೆ ಬರುವುದು ಕಾಣಿಸಿತು. ಮುಂದೆ ಕುಂಬಾರ. ಹೊಡೆಯಲು ಬರುತ್ತಿದ್ದಾರೆ ಎಂದುಕೊಂಡ. ಬರಲಿ ಎಂದುಕೊಂಡ. ತಲೆಯ ಮೇಲಿನ ವಸ್ತ್ರ ಬಿಚ್ಚಿ ಪಕ್ಕಕ್ಕಿಟ್ಟು, ಎದ್ದು ನಿಂತು, ತಲೆ ಬಗ್ಗಿಸಿದ.

ಏಟು ಬೀಳಲಿಲ್ಲ. ಕುಂಬಾರ ದಡಾರನೆ ಅವನ ಕಾಲಿನ ಮೇಲೆ ಬಿದ್ದ.

"ಸ್ವಾಮಿ, ನೀವು ಹೇಳಿದಿರಿ, ಪಾಪಿ ನಾನು ನಕ್ಕೆ. ತಪ್ಪಾಯಿತು. ಇನ್ನೊಬ್ಬಳು ಚಿಕ್ಕವಳಿದ್ದಾಳೆ, ಸ್ವಾಮಿ. ಅವಳ ಆಯುಸ್ಸು ಎಷ್ಟು? ಅದೊಂದು ಹೇಳಿಬಿಡಿ."

ನೀರುಗಂಟಿ ಬಗ್ಗಿ ಅವನ ತೋಳು ಹಿಡಿದು ಎತ್ತಲು ನೋಡಿದ. ಇದು ಅವನ ಲೆಕ್ಕದಲ್ಲಿರಲಿಲ್ಲ.

"ಏಳಪ್ಪಾ, ಕಾಲು ಬಿಡು" ಎಂದ. "ಕನಸಲ್ಲ ಅದು. ಏಡಿಬಿಲ. ನಾನು ಕಂಡಿದ್ದೆ. ಮುಚ್ಚಲಿಲ್ಲ. ಕೈಯಲ್ಲಿ ಮಣ್ಣಿತ್ತು, ಆದರೂ ಮುಚ್ಚಲಿಲ್ಲ."

ಹಿಂದಿನಿಂದ ಗೌಡ ನಿಧಾನವಾಗಿ ಮುಂದೆ ಬಂದ.

"ಕೇಳಿದಿರಾ?" ಎಂದ. "ಬಿಲವನ್ನೂ ಕಂಡಿದ್ದರಂತೆ. ವಿಧಿ ಬರೆದದ್ದನ್ನು ಮನುಷ್ಯ ಮುಚ್ಚಬಾರದು ಎಂದು ಸುಮ್ಮನಿದ್ದರು. ಇಂಥ ಮಹಾತ್ಮರನ್ನು ನಾವು ಇಷ್ಟು ದಿನ ಅವನು, ಇವನು ಎಂದೆವಲ್ಲ!"

ಹೆಂಗಸರು ಕೈ ಮುಗಿದರು. ಒಬ್ಬಳು ಅವನ ಕಾಲಡಿಯ ಮಣ್ಣನ್ನು ಸೆರಗಿಗೆ ಕಟ್ಟಿಕೊಂಡಳು. ಅವನು ಮತ್ತೆ ಹೇಳಿದ, ಕೂಗಿ ಹೇಳಿದ, ಎದೆ ಬಡಿದುಕೊಂಡು ಹೇಳಿದ. ಎಷ್ಟು ಹೇಳಿದನೋ ಅಷ್ಟು ಬಗ್ಗಿದರು. ಕುಂಬಾರ ಹಿಡಿದ ಕಾಲು ಬಿಡಲೇ ಇಲ್ಲ. "ಚಿಕ್ಕವಳದು, ಸ್ವಾಮಿ? ಚಿಕ್ಕವಳದು?"

"ನೂರು ವರ್ಷ" ಎಂಬ ಮಾತು ನೀರುಗಂಟಿಯ ಬಾಯಿಂದ ಬಿತ್ತು. ಕುಂಬಾರ ಅಳುತ್ತಲೇ ನಕ್ಕು ಕಾಲು ಬಿಟ್ಟ.

ಮಣ್ಣಿಗಿಟ್ಟ ಮಗುವಿನ ಹಾಲುತುಪ್ಪ ಮುಗಿಯುವ ಮೊದಲೇ ನೀರುಗಂಟಿಯನ್ನು ಗೌಡನ ಜಗಲಿಯ ಮೇಲೆ ಕೂರಿಸಿದರು. ಶಾಲು ಹೊದಿಸಿದರು. ಹೊಸ ಏರಿ ಎದ್ದಿತು. ಅದರ ಮೇಲೆ ನಡೆಯುವ ಕೆಲಸವನ್ನು ಇಂಥ ದೊಡ್ಡವರಿಗೆ ಹೇಳುವುದುಂಟೇ? ಬೇರೆ ಯಾರನ್ನೋ ಇಟ್ಟರು. ಆ ಹೊಸಬನಿಗೆ ಏಡಿಬಿಲ ಯಾವುದು, ಇಲಿಬಿಲ ಯಾವುದು ಎಂದೇ ಗೊತ್ತಿರಲಿಲ್ಲ. ಜಗಲಿಯಿಂದ ನೋಡಿದರೆ ಏರಿ ಕಾಣುತ್ತಿರಲಿಲ್ಲ. ನಡುವೆ ಕಾಣಿಕೆ ತಂದವರ ತಲೆಗಳಿದ್ದವು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ವೆಂಕೋಬನ ಬಾಯಿ ಅರ್ಧ ತೆರೆದಿತ್ತು. ಬೇಲಿಯಲ್ಲಿ ಸಿಕ್ಕ ಮಗು ಅವನ ಕಣ್ಣಿನಿಂದ ಹೋಗಲೊಲ್ಲದು. ಆದರೂ ಬೋರ್ಡಿನ ಆಸೆ ಇನ್ನೂ ಎಳೆಯುತ್ತಿತ್ತು.

"ಆದರೆ ಗುರುಗಳೇ" ಎಂದ ಮೆಲ್ಲಗೆ, "ಅವನು ಹೇಳಿದ್ದು ನಡೆಯಿತಲ್ಲ. ಹಾಗಾದರೆ ಕಾಲಜ್ಞಾನಿ ಎಂದು ಕರೆದದ್ದು ತಪ್ಪಲ್ಲ, ಅಲ್ಲವೇ?"

"ಹದಿನೆಂಟು ವರ್ಷ ಅವನು ಕಾಲಜ್ಞಾನಿಯಾಗಿದ್ದ ಕಣೋ, ಊರು ಹಾಗೆ ಕರೆದದ್ದು ಅವನು ಅದನ್ನು ಬಿಟ್ಟ ಮೇಲೆ."

ಗುರುಗಳು ಹೆಗಲ ವಸ್ತ್ರ ಕೊಡವಿ ಎದ್ದರು.

"ಚಹಾದ ದುಡ್ಡು ನೀನೇ ಕೊಟ್ಟು ಬಾ."