ಎಡಗಾಲು ಎತ್ತಿದ ಸಿಂಹ

“ಗುರುಗಳೇ, ನಾನು ಮಾತು ಕಲಿಯಲು ಬಂದೆ, ನೀವು ಮೌನ ವಿಧಿಸಿದಿರಿ. ಓದಲು ಬಂದೆ, ಕೊಟ್ಟಿಗೆ ಗುಡಿಸಲು ಕಳಿಸಿದಿರಿ. ನಾನು ಕೇಳುವುದೊಂದು, ನೀವು ಮಾಡಿಸುವುದು ಅದಕ್ಕೆ ತಿರುಗುಮುರುಗು. ಇದು ಯಾವ ಪಾಠ? ಈ ಕ್ರಮವನ್ನು ಇವತ್ತೇ ತಿದ್ದಿ. ಇಲ್ಲವಾದರೆ ಹೊರಡಲು ಅಪ್ಪಣೆ ಕೊಡಿ” ಎಂದ ಶಿಷ್ಯ ಸಂಪಯ್ಯ. ಅವನ ಬಟ್ಟೆಯ ಗಂಟು ಆಗಲೇ ಬಗಲಲ್ಲಿತ್ತು.

ಗುರುಗಳು ಗಂಟನ್ನು ನೋಡಿ ನಕ್ಕರು. “ಹೊರಡುವವನು ಇದೊಂದು ಕೇಳಿಕೊಂಡು ಹೊರಡು” ಎಂದು ಕತೆ ಹೇಳತೊಡಗಿದರು.

ಒಬ್ಬ ನಾಯಕನಿದ್ದ. ಅವನ ತಾತನೂ ತಂದೆಯೂ ಚಕ್ರವರ್ತಿಯ ನಾಣ್ಯವನ್ನೇ ಚಲಾಯಿಸಿ ಸತ್ತಿದ್ದರು. ಇವನ ಕಾಲಕ್ಕೆ ಅದೃಷ್ಟ ಖುಲಾಯಿಸಿತು. ಯುದ್ಧದಲ್ಲಿ ನೆರವಾದದ್ದಕ್ಕೆ ಮೆಚ್ಚಿ, ನಾಯಕ ತನ್ನ ಮನೆತನದ ಲಾಂಛನದ ಚಿನ್ನದ ನಾಣ್ಯ ಹೊಡೆಸಿಕೊಳ್ಳಬಹುದೆಂದು ಚಕ್ರವರ್ತಿ ಅಪ್ಪಣೆ ಕೊಟ್ಟ. ಆದರೆ ಮೊದಲ ನಾಣ್ಯ ಚಕ್ರವರ್ತಿಗೆ ಕಾಣಿಕೆಯಾಗಿ ಸಲ್ಲಬೇಕು. ಅದು ಒಪ್ಪಿಗೆಯಾದರೆ ಮಾತ್ರ ಹಕ್ಕು ಉಳಿಯುತ್ತದೆ.

ನಾಯಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬಲಗಾಲು ಎತ್ತಿದ ಸಿಂಹ ಅವನ ಮನೆತನದ ಲಾಂಛನ. ಬಾವುಟದ ಮೇಲಿತ್ತು, ಕೋಟೆಯ ಬಾಗಿಲ ಮೇಲಿತ್ತು, ಇನ್ನು ಚಿನ್ನದ ಮೇಲೂ ಬರಲಿತ್ತು! ಊಟಕ್ಕೆ ಕುಳಿತರೂ ಅಂಗೈ ಬಿಡಿಸಿ, ನಾಣ್ಯ ಆಗಲೇ ಅಲ್ಲಿದೆಯೇನೋ ಎಂಬಂತೆ ನೋಡಿಕೊಳ್ಳುತ್ತಿದ್ದ. ಕೊನೆಗೆ ತಡೆಯಲಾರದೆ, ನಾಣ್ಯ ಹೊಡೆಯುವ ಟಂಕಸಾಲೆಗೇ ನುಗ್ಗಿದ. ಅದರೊಳಗೆ ಅವನು ಕಾಲಿಟ್ಟದ್ದು ಅದೇ ಮೊದಲು.

ಅಕ್ಕಸಾಲಿ ಉಕ್ಕಿನ ಅಚ್ಚನ್ನು ಕೊರೆದು ಮುಗಿಸಿದ್ದ. ನಾಯಕ ಅದನ್ನು ಎತ್ತಿ ನೋಡಿದ. ಮುಖ ಕೆಂಪೇರಿತು.

“ಏನೋ ಇದು? ನನ್ನ ಸಿಂಹ ಎಡಗಾಲು ಎತ್ತಿದೆ! ಚಕ್ರವರ್ತಿಗೆ ಎಡಗೈಯಲ್ಲಿ ಕಾಣಿಕೆ ಕೊಟ್ಟ ಹಾಗಾಗುವುದಿಲ್ಲವೇನೋ?”

“ಒಡೆಯಾ, ಇದು ಅಚ್ಚು. ಇಲ್ಲಿ ಎಡವಾದರೇ ನಾಣ್ಯದಲ್ಲಿ...”

“ನನಗೇ ಎಡ ಬಲ ಹೇಳಿಕೊಡುತ್ತೀಯಾ? ಬಲಗಾಲು ಎತ್ತಿಸು. ಇಲ್ಲದಿದ್ದರೆ ನಿನ್ನ ಕೈ ಉಳಿಯುವುದಿಲ್ಲ.”

ಅಕ್ಕಸಾಲಿಗೆ ಹೆಂಡತಿ ಮಕ್ಕಳಿದ್ದರು. ಬಾಯಿ ಮುಚ್ಚಿಕೊಂಡು ಹೊಸ ಅಚ್ಚು ಕೊರೆದ. ಅದರಲ್ಲಿ ಸಿಂಹ ಬಲಗಾಲು ಎತ್ತಿತ್ತು. ಹಿಗ್ಗಿದ ನಾಯಕ ತನ್ನ ಕೊರಳ ಹಾರವನ್ನೇ ತೆಗೆದು ಅವನಿಗೆ ಹಾಕಿದ.

ನಾಣ್ಯ ಹೊಡೆಯುವ ದಿನ ಚಕ್ರವರ್ತಿಯ ದೂತ ಬಂದು ಕುಳಿತ. ನಗಾರಿ ಮೊಳಗಿತು, ಕಹಳೆ ಕೂಗಿತು. ಜನ ಒಬ್ಬರ ಹೆಗಲ ಮೇಲೊಬ್ಬರು ಹತ್ತಿ ನೋಡಿದರು. ಸುತ್ತಿಗೆ ಬಿತ್ತು. ನಾಯಕ ತಾನೇ ಬಗ್ಗಿ ನಾಣ್ಯವನ್ನು ಎತ್ತಿದ, ನೋಡದೆಯೇ ದೂತನ ಕೈಗಿಟ್ಟ. ನೋಡುವುದೇನಿತ್ತು, ಅಚ್ಚನ್ನು ತಿದ್ದಿಸಿದವನು ಅವನೇ ಅಲ್ಲವೇ!

ದೂತ ನಾಣ್ಯವನ್ನು ಬೆಳಕಿಗೆ ಹಿಡಿದ. ಸಿಂಹ ಎಡಗಾಲು ಎತ್ತಿತ್ತು.

“ಇನ್ನು ಮೇಲೂ ನಮ್ಮ ನಾಣ್ಯವೇ ನಿಮಗೆ ಸಾಕು” ಎಂದು ಹೇಳಿ, ಅದನ್ನು ನಾಯಕನ ಅಂಗೈಗೆ ಹಾಕಿ, ಕುದುರೆ ಹತ್ತಿದ. ಆ ಮನೆತನದ ಸಿಂಹ ಮತ್ತೆಂದೂ ಚಿನ್ನದ ಮೇಲೆ ಬರಲಿಲ್ಲ.

ಕತೆ ಅಲ್ಲಿಗೆ ನಿಂತಿತು. ಸಂಪಯ್ಯನ ಬಗಲಿನ ಗಂಟು ಮೆಲ್ಲಗೆ ಜಾರಿ ನೆಲ ಮುಟ್ಟಿತು. ಗುರುಗಳು ಅವನ ಮುಖವನ್ನೇ ನೋಡುತ್ತ ಕೇಳಿದರು:

“ಈಗ ಹೇಳಪ್ಪ, ಅಚ್ಚನ್ನು ತಿದ್ದಲೇ?”

ಸಂಪಯ್ಯ ಪೊರಕೆ ಎತ್ತಿಕೊಂಡು ಕೊಟ್ಟಿಗೆಯ ಕಡೆ ನಡೆದ.