ಎಮ್ಮೆ ನೀರಲ್ಲಿ ಯಾಕೆ ಕರಗಲ್ಲ

"ಕೊಂಬು ಯಾಕೆ ಉದುರಿತು ಅಂತ ನನ್ನ ಕೇಳಿದ್ರೆ? ನಾನು ಅಂಗಿ ಹೊಲಿಯೋನು ಕಣಮ್ಮಾ, ನಿನ್ನ ಹೊಲಿದೋನಲ್ಲ!"

ಹೀಗೆ ಗೊಣಗಿದೋನು ದರ್ಜಿ ಗಿಡ್ಡಯ್ಯ. ಎದುರಿಗೆ ಒಂದು ಎಮ್ಮೆ. ಅದರ ಒಂದು ಕೊಂಬು ತಲೆ ಮೇಲೆ, ಇನ್ನೊಂದು ಕಾಲ ಹತ್ತಿರ.

ಭೂಮಿಯ ಹಸಿ ಇನ್ನೂ ಆರದ ಕಾಲ ಅದು. ಪ್ರತಿ ಜೀವವೂ ಕಣ್ಣಿಗೆ ಕಾಣದಷ್ಟು ಸಣ್ಣ ಕೋಶಗಳ ರಾಶಿ. ರಾಶಿ ಅಂದ್ರೆ ರಾಶಿನೇ, ರಾಗಿ ಸುರಿದ ಹಾಗೆ. ಒಂದಕ್ಕೊಂದು ಅಂಟಿಲ್ಲ, ನಂಟಿಲ್ಲ.

"ಬಿಸಿಲು ಸುಡ್ತಾ ಇದೆ ಅಣ್ಣಯ್ಯಾ," ಅಂತು ಎಮ್ಮೆ. "ಕೆರೆಗಿಳಿದ್ರೆ ಕರಗ್ತೀನಿ, ಇಳೀದಿದ್ರೆ ಬೇಯ್ತೀನಿ. ಸಂಜೆ ತನಕ ಉಳಿಯಲ್ಲ ನಾನು."

ಗಿಡ್ಡಯ್ಯ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ತಲೆ ಕೆರ್ಕೊಂಡ. ಎದೆ ಅಳತೆ ಎಲ್ಲಿ ಮುಗೀತು, ಹೊಟ್ಟೆ ಅಳತೆ ಎಲ್ಲಿ ಶುರುವಾಯ್ತು ಅಂತಲೇ ತಿಳೀಲಿಲ್ಲ. ಕೊನೆಗೆ ಗೊತ್ತಿದ್ದ ಕೆಲಸ ಮಾಡಿದ. ಕೊಂಬಿಂದ ಶುರು ಮಾಡಿ ಕೋಶಕ್ಕೂ ಕೋಶಕ್ಕೂ ಗುಂಡಿ ಹಾಕಿದ. ಬಾಲದ ಹತ್ತಿರ ಗುಂಡಿ ಮುಗಿದುಹೋಯ್ತು. ಹತ್ತಿರದಲ್ಲೇ ಎಲ್ಲೋ ಸಿಕ್ಕ ಮೂರು ಗುಂಡಿ ಕಿತ್ತು ಅಲ್ಲಿಗೆ ಹಾಕಿದ.

ಎಮ್ಮೆ ಮೈ ಕೊಡವಿತು. ಏನೂ ಉದುರಲಿಲ್ಲ. ಖುಷಿಯಾಗಿ ಕೆರೆಗಿಳೀತು. ಗುಂಡಿಗಳ ಸಂದಿಯಲ್ಲಿ ನೀರು ನುಗ್ಗಿ, ಎಮ್ಮೆ ಊದಿಕೊಂಡು ಮೇಲೆ ಬಂತು.

"ಕುಡೀದೇ ಹೊಟ್ಟೆ ತುಂಬಿತಲ್ಲ ಅಣ್ಣಯ್ಯಾ!"

ಗಿಡ್ಡಯ್ಯ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ತಲೆ ಕೆರ್ಕೊಂಡ. ಆಮೇಲೆ ಚರ್ಮದ ಕೋಶಗಳನ್ನ ಒತ್ತಿ ಹಿಡಿದು, ನೂಲಿಗೆ ನೂಲು ತಾಗೋ ಹಾಗೆ ಬಿಗಿಯಾಗಿ ಹೊಲಿದ. ನೀರು ನುಗ್ಗೋದು ನಿಂತಿತು. ಆ ಉತ್ಸಾಹದಲ್ಲಿ ಎಲ್ಲಿ ನಿಲ್ಲಿಸಬೇಕು ಅಂತ ತಿಳೀದೆ ಹೃದಯವನ್ನೂ ಹಾಗೇ ಹೊಲಿದುಬಿಟ್ಟ.

ಕೆಟ್ಟಿತು. ಒಂದು ಕೋಶದ ಮಾತು ಪಕ್ಕದ ಕೋಶಕ್ಕೆ ಕೇಳಲ್ಲ! ಒಂದು "ಡಬ್" ಅಂದ್ರೆ ಇನ್ನೊಂದು "ಏನಂದೆ?" ಅಂತಿತ್ತು. ಎಮ್ಮೆ ಕಣ್ಣು ಮೇಲೆ ಮಾಡಿ ಮಂಡಿಯೂರಿತು.

ಗಿಡ್ಡಯ್ಯ ಗಾಬರಿಯಲ್ಲಿ ಹೊಲಿಗೆ ಬಿಚ್ಚೋಕೆ ಹೋದ. ಸೂಜಿ ಜಾರಿ, ಎರಡು ಕೋಶಕ್ಕೂ ಸೇರಿ ಒಂದೇ ತೂತು ಬಿತ್ತು. ಆ ಪುಟ್ಟ ಕಿಂಡಿಯಲ್ಲಿ ಸುದ್ದಿ ಹರೀತು. ಎರಡೂ ಒಟ್ಟಿಗೇ "ಲಬ್ ಡಬ್" ಅಂದವು. ಗಿಡ್ಡಯ್ಯ ಬೇಕಂತಲೇ ಮಾಡಿದೋನ ಹಾಗೆ ಒಂದ್ಸಲ ಕೆಮ್ಮಿ, ಹೃದಯದ ತುಂಬ ಕಿಂಡಿ ಕೊರೆದ. ಎಮ್ಮೆ ಎದ್ದು ನಿಂತಿತು.

ಬೇಲಿ ಮೇಲಿದ್ದ ಕುಂಬಳಬಳ್ಳಿ ಇದನ್ನೆಲ್ಲ ನೋಡ್ತಿತ್ತು. "ನನಗೂ ಏನಾದ್ರೂ ಮಾಡಣ್ಣಾ. ಬೇರಿನ ಸಮಾಚಾರ ಎಲೆಗೆ ಗೊತ್ತಾಗಲ್ಲ, ಬಾಡಿ ಹೋಗ್ತಿದೀನಿ."

ಗಿಡ್ಡಯ್ಯ ಸೂಜಿ ಹಾಕಿದ. ಮುರೀತು. ಬಳ್ಳಿಯ ಒಂದೊಂದು ಕೋಶಕ್ಕೂ ಒಂದೊಂದು ಗಟ್ಟಿ ಗೋಡೆ!

"ಗೋಡೆ ಹೊಲಿಯೋದು ನಮ್ಮಪ್ಪನೂ ಕಲಿಸಿಲ್ಲ," ಅಂತ ಗೊಣಗಿ, ಗೋಣಿಚೀಲ ಹೊಲಿಯೋ ದಬ್ಬಳ ತಂದು ಗೋಡೆಗಳನ್ನೇ ಚುಚ್ಚಿದ. ಆ ತೂತುಗಳಲ್ಲಿ ಕೋಶದ ರಸವನ್ನೇ ಎಳೆ ಮಾಡಿ ಪೋಣಿಸಿದ. ನೀರು, ಊಟ, ಸುದ್ದಿ ಎಲ್ಲ ಮನೆಯಿಂದ ಮನೆಗೆ ಹೋಯ್ತು. ಎಲೆ ಆನೆಕಿವಿ ಹಾಗೆ ಅರಳಿಕೊಂಡಿತು.

ಅದಕ್ಕೇ ಇವತ್ತಿಗೂ ಎಮ್ಮೆ ದಿನವೆಲ್ಲ ಕೆರೆಯಲ್ಲಿ ಬಿದ್ದಿದ್ರೂ ನೆನೆದು ಬಿಚ್ಚಿಕೊಳ್ಳಲ್ಲ, ಬುಡಕ್ಕೆ ನೀರು ಹಾಕಿದ್ರೆ ಬಳ್ಳಿಯ ತುದಿ ಎಲೆ ತಲೆ ಎತ್ತುತ್ತೆ.

ಗಿಡ್ಡಯ್ಯ ಮನೆಗೆ ಬಂದು ಎಲ್ಲ ಹೇಳಿದ. ಯಾವುದನ್ನ ಎಲ್ಲಿ ಹಾಕಿದೆ ಅಂತ ಅವನಿಗೇ ಸರಿಯಾಗಿ ನೆನಪಿರಲಿಲ್ಲ. ಹೆಂಡತಿ ಚೆನ್ನಾಜಿ ಅವನ ತೆರೆದ ಎದೆ ನೋಡಿದಳು.

"ಅಂಗಿ ಗುಂಡಿ ಮೂರೂ ಎಲ್ರೀ?" ಅಂದಳು. ಅವನು ತಲೆ ಕೆರ್ಕೊಂಡ. "ಹೋಗ್ಲಿ, ವಾಪಸ್ ಕೇಳೋಕೆ ಹೋಗ್ಬೇಡಿ. ಪಾಪ, ನೊಣ ಓಡಿಸೋಕೆ ಆ ಎಮ್ಮೆಗಿರೋದು ಅದೊಂದೇ ಬಾಲ."