ಗಂಗಹನುಮಕ್ಕನ ಲಕ್ಕಿ ಎಣ್ಣೆಗೆ ಸರ್ಟಿಫಿಕೇಟು

ಒಂದೇ ಗುಟುಕಿಗೆ ಕೆಮ್ಮು ನಿಲ್ಲಿಸುವ ಕಷಾಯ ಕಂಡುಹಿಡಿದು, ಏಳು ದೇಶದ ವಿಜ್ಞಾನಿಗಳಿಂದ ಶಾಲು ಹೊದಿಸಿಕೊಂಡವನು ನಾನು. ಸುಳ್ಳು. ಶಾಲು ನಮ್ಮ ಮಾವನದು, ಕಷಾಯ ನನ್ನ ಹೆಂಡತಿಯದು, ಕೆಮ್ಮು ಮಾತ್ರ ನನ್ನದು, ಅದು ಇನ್ನೂ ಇದೆ. ಆದರೆ ಈಗ ಹೇಳುವುದು ಅಪ್ಪಟ ನಿಜ. ಇದನ್ನು ಕೇಳಿದ ಮೂವರಲ್ಲಿ ಇಬ್ಬರು ನಂಬಿದ್ದಾರೆ, ಮೂರನೆಯವನಿಗೆ ಕಿವಿ ಕೇಳಿಸುವುದಿಲ್ಲ.

ಹೊಸಕಟ್ಟೆ ಪೇಟೆಯಲ್ಲಿ ಗಂಗಹನುಮಕ್ಕ ಅಂತ ಒಬ್ಬಳಿದ್ದಳು. ಅವಳಿಗಿದ್ದದ್ದು ಎರಡೇ ಆಸ್ತಿ. ಒಂದು, ಅವಳವ್ವ ಕಲಿಸಿಕೊಟ್ಟ ಲಕ್ಕಿಸೊಪ್ಪಿನ ಎಣ್ಣೆ. ಮಂಡಿಗೆ ತಿಕ್ಕಿದರೆ, ಕುಂಟುತ್ತ ಬಂದವರು ನಡೆದು ಹೋಗುತ್ತಿದ್ದರು. ಇನ್ನೊಂದು, ಮಗ ಮೂಡ್ಲಗಿರಿ. ಮೂವತ್ತು ದಾಟಿದ ಆಳು, ಪೊದೆಮೀಸೆ, ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದೇ ಅವಳ ಕರ್ಮ. ಹೇಳಿದ ಮಾತು ಕೇಳದ ಮಕ್ಕಳನ್ನು ಹೆತ್ತವರು ಊರಿಗೆಲ್ಲ ದೂರು ಹೇಳಿಕೊಂಡು ಅಳುತ್ತಾರೆ. ಕೇಳುವ ಮಗನನ್ನು ಹೆತ್ತವಳು ಯಾರ ಹತ್ತಿರ ಅಳಬೇಕು?

ಅವಳಿಗೆ ಒಂದೇ ಆಸೆ. ಪದ್ಮನಾಭಶೆಟ್ಟರ ಮೆಡಿಕಲ್ ಶಾಪಿನ ಗಾಜಿನ ಕಪಾಟಿನಲ್ಲಿ ತನ್ನ ಎಣ್ಣೆಯ ಒಂದು ಸೀಸೆ ಕೂರಬೇಕು. ಸಾಯುವುದರೊಳಗೆ ಒಂದು ಸಲ ಅದನ್ನು ಗಾಜಿನಾಚೆಯಿಂದ ನೋಡಬೇಕು. ಶೆಟ್ಟರು ಕೇಳಿ ನಕ್ಕರು. ತಲೆನೋವು, ಹೊಟ್ಟೆನೋವು, ಮನೆನೋವು, ಏನು ಹೇಳಿದರೂ ಅದೇ ಬಿಳಿ ಮಾತ್ರೆಯ ಡಬ್ಬಿಗೆ ಕೈಹಾಕುವ ಮನುಷ್ಯ ಅವರು.

"ನೋಡಮ್ಮ, ಇದು ಶಾಸ್ತ್ರೀಯವಾದ ಅಂಗಡಿ. ಲ್ಯಾಬಿನ ಸರ್ಟಿಫಿಕೇಟ್ ಇಲ್ಲದ ಸೊಪ್ಪುಸದೆ ಕಪಾಟು ಹತ್ತಲ್ಲ. ಬೇಕಾದ್ರೆ ಮಗನ್ನ ಕಳಿಸು, ಕೌಂಟರಿಗೆ ಒಬ್ಬ ಬೇಕು."

ಮಗ ಒಳಗೆ ಹೋದರೆ ಹಿಂದೆಯೇ ಎಣ್ಣೆಯೂ ಹೋದೀತು ಅಂತ ಗಂಗಹನುಮಕ್ಕ ಲೆಕ್ಕ ಹಾಕಿದಳು. ಬೆಳಿಗ್ಗೆ ಮಗನ ತಲೆ ಬಾಚಿ ಹೇಳಿದಳು: "ಮಗ, ಔಷಧಿ ಅಂಗಡಿ ಅಂದ್ರೆ ಹುಡುಗಾಟ ಅಲ್ಲ. ಚೀಟಿ ನೋಡದೆ ಯಾರಿಗೂ ಏನೂ ಕೊಡಬೇಡ."

"ಆಯ್ತು ಕಣವ್ವ."

ಮಧ್ಯಾಹ್ನ ಶೆಟ್ಟರು ಊಟಕ್ಕೆ ಹೋದರು, ಕನ್ನಡಕ ಅಂಗಡಿಯಲ್ಲೇ ಮರೆತರು. ದಾರಿ ತಡವರಿಸಿಕೊಂಡು ವಾಪಸ್ಸು ಬಂದು, "ಆ ಕನ್ನಡಕ ಕೊಡಯ್ಯ" ಅಂದರು.

"ಚೀಟಿ ಕೊಡಿ, ಬುದ್ಧಿ."

"ಕನ್ನಡಕ ನಂದು ಕಣಯ್ಯ. ಅಂಗಡೀನೂ ನಂದು."

"ಎಲ್ಲಾ ನಿಮ್ದೇಯ. ಚೀಟಿ?"

ಬಿಸಿಲು, ಹಸಿವು, ಎದುರಿಗೆ ಆ ಮೀಸೆ. ಶೆಟ್ಟರು ಸೋತು ಒಂದು ಕಾಗದ ಎಳೆದುಕೊಂಡು, ಕಣ್ಣು ಕಾಣದೆ ಏನೋ ಗೀಚಿ ಕೊಟ್ಟರು. ಮೂಡ್ಲಗಿರಿ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಒಂದಕ್ಷರವೂ ತಿಳಿಯಲಿಲ್ಲ. ಹಾಗಾದರೆ ಇದು ದೊಡ್ಡ ಡಾಕ್ಟರು ಬರೆದದ್ದೇ ಅಂತ ಖಾತ್ರಿಯಾಗಿ, ಭೇದಿ ನಿಲ್ಲಿಸುವ ಔಷಧಿ ಎರಡು ಸೀಸೆ ಕಟ್ಟಿಕೊಟ್ಟ.

ಸಂಜೆ ಗಂಗಹನುಮಕ್ಕ ಹಣೆ ಚಚ್ಚಿಕೊಂಡಳು. "ಲೋ ಮಂಕೇ, ಬರೀ ಚೀಟಿ ಹಿಡ್ಕೊಂಡು ಕೂತ್ರೆ ಆಯ್ತೇನ್ಲಾ? ಕೊಡೋವಾಗ ಬಾಯಿ ಬಿಟ್ಟು ಹೇಳ್ಬೇಕು. ಊಟ ಆದ್ಮೇಲೆ, ಬೆಳಿಗ್ಗೆ ಒಂದು, ಸಂಜೆ ಒಂದು ಅಂತ."

"ಅಷ್ಟೇ ತಾನೆ. ಹೇಳ್ತೀನಿ ಬುಡವ್ವ."

ಮಾರನೆಯ ದಿನ ಪುಟ್ಟಲಿಂಗಮ್ಮ ಅನ್ನುವ ಹೆಂಗಸು ಅತ್ತೆಗೆ ಊರುಗೋಲು ಕೊಳ್ಳಲು ಬಂದಳು. ಮೂಡ್ಲಗಿರಿ ಗಟ್ಟಿಮುಟ್ಟಾದ ಕೋಲು ಆರಿಸಿ, ಕೈಗಿಟ್ಟು, ಹೇಳಿದ: "ನಿಮ್ಮತ್ತೆಗೆ ಊಟ ಆದ್ಮೇಲೆ, ಬೆಳಿಗ್ಗೆ ಒಂದು, ಸಂಜೆ ಒಂದು."

ಪುಟ್ಟಲಿಂಗಮ್ಮ ಕೋಲನ್ನು ಕೈಯಲ್ಲಿ ತೂಗಿ ನೋಡಿದಳು. "ಎಷ್ಟು ದಿನ?" ಅಂದಳು.

"ವಾಸಿ ಆಗೋವರ್ಗೂ."

"ಮಧ್ಯಾಹ್ನ ಬೇಡ್ವಾ?"

ಅತ್ತೆ ಮೂರನೆಯ ದಿನ ತಾನೇ ಅಂಗಡಿಗೆ ಬಂದಳು, ಕೋಲಿಲ್ಲದೆ, ಓಡುತ್ತ. ಕೋಲಿನ ಗುಣ ದೊಡ್ಡದೇ. ಆದರೆ ಶೆಟ್ಟರು ಅದನ್ನು ಮೆಚ್ಚಲಿಲ್ಲ.

"ನಿನ್ನ ಬಾಯಿಗೆ ಹೊಲಿಗೆ ಹಾಕ" ಅಂದಳು ಗಂಗಹನುಮಕ್ಕ. "ಬಾಯಿ ಮುಚ್ಚು, ಕಣ್ಣು ಬಿಡು. ಎಲ್ಲದರ ಮೇಲೂ ಎರಡು ಡೇಟು ಬರೆದಿರ್ತಾರೆ. ಹುಟ್ಟಿದ್ದೊಂದು, ಮುಗಿಯೋದೊಂದು. ಮುಗಿದಿದ್ದನ್ನ ಹುಡುಕಿ ಹುಡುಕಿ ಕಸದ ಡಬ್ಬಕ್ಕೆ ಹಾಕು. ಶೆಟ್ಟರು ಮೆಚ್ಕೊತಾರೆ."

ಮೂಡ್ಲಗಿರಿ ಒಂದಿಡೀ ದಿನ ತುಟಿ ಬಿಚ್ಚದೆ ಹುಡುಕಿದ. ಹಳೇ ಮುಲಾಮು, ಹಳೇ ಪುಡಿ, ಗಟ್ಟಿಯಾದ ಸಿರಪ್ಪು. ಹಿಂದಿನ ವರ್ಷ ಮುಗಿದ ಟಾನಿಕ್ಕನ್ನು ಮಾತ್ರ ಶೆಟ್ಟರು ಎರಡು ಸಲ ಡಬ್ಬದಿಂದ ವಾಪಸ್ಸು ಎತ್ತಿ ಕಪಾಟಿಗಿಟ್ಟರು. ಶಾಸ್ತ್ರೀಯವಾದ ಅಂಗಡಿ ನೋಡಿ. ಕೊನೆಗೆ ಗೋಡೆಯ ಮೇಲೆ ಕಣ್ಣು ಹೋಯಿತು. ಅಲ್ಲಿ ಗಂಧದ ಹಾರ ಹಾಕಿದ ಫೋಟೋದಲ್ಲಿ ಶೆಟ್ಟರ ತಂದೆ ಕೂತಿದ್ದರು. ಕೆಳಗೆ ಎರಡು ಡೇಟು. ಎರಡನೆಯದು ಮುಗಿದು ಹದಿನೆಂಟು ವರ್ಷ.

ಸಂಜೆ ದೀಪ ಹಚ್ಚಿ ಊದುಬತ್ತಿ ಹಿಡಿದು ತಿರುಗಿದ ಶೆಟ್ಟರಿಗೆ ಗೋಡೆ ಬೋಳಾಗಿ ಕಂಡಿತು. ತಂದೆ ಕಸದ ಡಬ್ಬದಲ್ಲಿ, ಕೆಮ್ಮಿನ ಸಿರಪ್ಪಿನ ಮೇಲೆ, ಹಾರದ ಸಮೇತ ಇದ್ದರು.

ಮಗನನ್ನು ಶೆಟ್ಟರು ಕುತ್ತಿಗೆ ಹಿಡಿದು ಮನೆಯ ತನಕ ಎಳೆತಂದು ಬಿಟ್ಟುಹೋದರು. ಗಂಗಹನುಮಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅವಳ ಕಣ್ಣಿಗೆ ಗಾಜಿನ ಕಪಾಟು ದೂರ ದೂರ ಹೋಗುವುದು ಕಂಡಿತು. ಇನ್ನು ಉಳಿದದ್ದು ಸರ್ಟಿಫಿಕೇಟಿನ ದಾರಿಯೊಂದೇ.

ಊರಾಚೆ ಆಯುರ್ವೇದ ಕಾಲೇಜಿತ್ತು. ಅಲ್ಲಿ ಲ್ಯಾಬು, ಲ್ಯಾಬಿನಲ್ಲಿ ಡಾಕ್ಟರ್ ಮಂದಾಕಿನಿ. ಗಿಡಮೂಲಿಕೆಯ ಸಂಶೋಧನೆಗೇ ಇದ್ದವರು. ಸಂಶೋಧನೆ ಅಂದರೆ ನಿಮಗೆ ಗೊತ್ತಲ್ಲ? ಅಜ್ಜಿ ಹೇಳಿದರೆ ಅದು ಅಜ್ಜಿಕತೆ. ಅದನ್ನೇ ಬಿಳಿಕೋಟು ಹಾಕಿಕೊಂಡು, ಗಾಜಿನ ನಳಿಕೆಗೆ ಸುರಿದು, ನಾಲ್ಕು ವರ್ಷ ಬಿಟ್ಟು ಹೇಳಿದರೆ ಸಂಶೋಧನೆ. ಆದರೆ ಮಂದಾಕಿನಿ ಒಳ್ಳೆಯವರು. ಎಣ್ಣೆ ಮೂಸಿ ನೋಡಿ, ಗಂಗಹನುಮಕ್ಕನ ಕೈಹಿಡಿದು, "ಪರೀಕ್ಷೆ ಮಾಡೋಣಮ್ಮ. ಗುಣ ಇದ್ರೆ ಸರ್ಟಿಫಿಕೇಟ್ ನಾನೇ ಬರೀತೀನಿ. ನಿಮ್ಮವ್ವನ ಹೆಸರೂ ಹಾಕ್ತೀನಿ" ಅಂದರು. ಲ್ಯಾಬಿನ ವಾಸನೆಗೆ ಕೆಲಸದವರು ನಿಲ್ಲುತ್ತಿರಲಿಲ್ಲ, ಹಾಗಾಗಿ ಮೂಡ್ಲಗಿರಿಗೂ ಒಂದು ಸ್ಟೂಲು ಸಿಕ್ಕಿತು.

ಗಂಗಹನುಮಕ್ಕ ಈ ಸಲ ಹುಷಾರಾಗಿ ಬುದ್ಧಿ ಹೇಳಿದಳು. "ಅಲ್ಲಿ ಏನನ್ನೂ ಕಿತ್ತು ಹಾಕಬೇಡ. ಎಲ್ಲಿದ್ದಿದ್ದು ಅಲ್ಲೇ ಇರ್ಲಿ. ಕೈ ಕಟ್ಕೊಂಡು ಕೂತ್ಕೊ."

ಮಂದಾಕಿನಿ ಲಕ್ಕಿಸೊಪ್ಪನ್ನು ಒಣಗಿಸುವ ಓವನ್ನಿಗೆ ಇಟ್ಟು ಪಾಠಕ್ಕೆ ಹೋದರು. ಸೊಪ್ಪು ಒಣಗಿತು, ಕಪ್ಪಾಯಿತು, ಹೊಗೆಯಾಡಿತು. ಮೂಡ್ಲಗಿರಿ ಕೈ ಕಟ್ಟಿಕೊಂಡು ಕೆಮ್ಮುತ್ತ ಕೂತಿದ್ದ. ಮೂರನೆಯ ಮಹಡಿಯ ಹುಡುಗರು ಇಳಿದು ಓಡಿ ಬಂದಾಗಲೂ ಕೂತೇ ಇದ್ದ.

"ತೆಗೀಬಾರದೇನಪ್ಪ?" ಅಂದರು ಮಂದಾಕಿನಿ, ಬೂದಿಯನ್ನು ನೋಡುತ್ತ.

"ಎಲ್ಲಿದ್ದಿದ್ದು ಅಲ್ಲೇ ಐತೆ, ಮೇಡಮ್ಮೋರೆ. ಎಣಿಸ್ಕಳಿ."

ಗಂಗಹನುಮಕ್ಕ ಮತ್ತೆ ಬೆಟ್ಟ ಹತ್ತಿ ಸೊಪ್ಪು ತಂದಳು. ಬಗ್ಗಿ ಬಗ್ಗಿ ಅವಳ ಮಂಡಿಯೇ ನೋಯಹತ್ತಿತ್ತು. "ಇನ್ಮೇಲೆ ನನ್ನ ಮಾತು ಕೇಳ್ಬೇಡ" ಅಂದಳು. "ಡಾಕ್ಟ್ರಮ್ಮ ಏನು ಹೇಳ್ತಾರೋ ಅದನ್ನ ಚಾಚೂ ತಪ್ಪದೆ ಮಾಡು."

ಡಾಕ್ಟ್ರಮ್ಮ ಹೇಳಿದ್ದು ಇಷ್ಟು: ಮಂಡಿನೋವಿನವರು ಇಪ್ಪತ್ತು ಜನ. ಹತ್ತು ಜನಕ್ಕೆ ಲಕ್ಕಿ ಎಣ್ಣೆ, ಹತ್ತು ಜನಕ್ಕೆ ಬರೀ ಎಣ್ಣೆ. ಸೀಸೆಗಳಿಗೆ ನಂಬರು ಮಾತ್ರ. ಯಾವ ನಂಬರಿನಲ್ಲಿ ಯಾವುದು ಅಂತ ಪಟ್ಟಿ ಬೀರುವಿನಲ್ಲಿ. "ನೋಡು ಮೂಡ್ಲಗಿರಿ, ಯಾರಿಗೆ ಯಾವುದು ಹೋಯ್ತು ಅಂತ ಯಾರಿಗೂ ಗೊತ್ತಾಗಬಾರದು. ನನಗೂ ಗೊತ್ತಾಗಬಾರದು. ಅದೇ ಈ ಪರೀಕ್ಷೆಯ ಜೀವ."

ಒಂದು ತಿಂಗಳು ಮೂಡ್ಲಗಿರಿ ಇಪ್ಪತ್ತು ಜನರ ಮಂಡಿಯನ್ನೂ ಗಾಣದೆತ್ತಿನ ಹಾಗೆ ತಿಕ್ಕಿದ. ಹೇಗೆ ತಿಕ್ಕಿದನೆಂದರೆ, ಎಣ್ಣೆ ಯಾವುದಾದರೇನು, ಇನ್ನೊಂದು ದಿನ ಇವನ ಕೈಗೆ ಸಿಗುವುದಕ್ಕಿಂತ ವಾಸಿಯಾಗುವುದೇ ಮೇಲು ಅಂತ ಇಪ್ಪತ್ತು ಜನರೂ ಎದ್ದು ನಡೆದರು. ಗಂಗಹನುಮಕ್ಕ ಹೊಸ ಸೀರೆಯುಟ್ಟು ಲ್ಯಾಬಿಗೆ ಬಂದಳು. ಯಾವ ಎಣ್ಣೆಯವರು ಬೇಗ ವಾಸಿಯಾದರು ಅಂತ ನೋಡಲು ಮಂದಾಕಿನಿ ಬೀರು ತೆಗೆದರು. ಪಟ್ಟಿ ಇರಲಿಲ್ಲ.

"ನಿಮಗೂ ಗೊತ್ತಾಗಬಾರದು ಅಂದ್ರಲ್ಲ" ಅಂದ ಮೂಡ್ಲಗಿರಿ. "ಅವತ್ತೇ ಸುಟ್ಟಾಕ್ದೆ."

ಗಂಗಹನುಮಕ್ಕ ಹೊಸ ಸೀರೆಯಲ್ಲೇ ನೆಲಕ್ಕೆ ಕೂತಳು. ಮಂದಾಕಿನಿ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. "ಮೊದಲಿಂದ ಮಾಡಬೇಕಮ್ಮ. ಈ ಸಲ ಸುಲಭವಾದ ದಾರಿ. ಒಬ್ಬೊಬ್ಬರಿಗೂ ಒಂದು ಮಂಡಿಗೆ ಮಾತ್ರ ಹಚ್ಚೋಣ, ಇನ್ನೊಂದನ್ನ ಹೋಲಿಸಿ ನೋಡೋಕೆ ಮುಟ್ಟದೆ ಬಿಡೋಣ. ಆದ್ರೆ ವಾರದೊಳಗೆ ನೋವಿರೋ ಇಪ್ಪತ್ತು ಜನ ಬೇಕು. ಆಮೇಲೆ ನನಗೆ ವರ್ಗ ಆಗುತ್ತೆ."

ಮೂಡ್ಲಗಿರಿ ಪೇಟೆಯೆಲ್ಲ ಸುತ್ತಿದ. ಮಂಡಿನೋವು ಇದ್ದವರನ್ನೆಲ್ಲ ಅವನೇ ವಾಸಿ ಮಾಡಿಬಿಟ್ಟಿದ್ದ. ಉಳಿದ ಒಂದೆರಡು ಜನ ಅವನ ಮೀಸೆ ಕಂಡ ಕೂಡಲೇ ಕುಂಟುವುದನ್ನು ಬಿಟ್ಟರು. ಆರನೆಯ ದಿನ ಬರಿಗೈಯಲ್ಲಿ ಬಂದು, "ಸಿಗಾಕಿಲ್ಲ ಕಣವ್ವ" ಅಂದ.

ಗಂಗಹನುಮಕ್ಕನಿಗೆ ಅಳು, ಸಿಟ್ಟು ಒಟ್ಟಿಗೇ ಬಂತು. "ಸಿಗಲಿಲ್ಲ ಅಂತ ನನ್ನ ಮುಂದೆ ಬಂದು ನಿಲ್ಲಬೇಡ. ಸಿಗದಿದ್ರೆ ಮಾಡ್ಕೊಂಡು ಬಾ."

ಮೂಡ್ಲಗಿರಿ ಸ್ವಲ್ಪ ಯೋಚಿಸಿದ. ಸೊಪ್ಪು ಅರೆಯುವ ಗುಂಡುಕಲ್ಲು ಎತ್ತಿಕೊಂಡು ಹೊರಟ.

ಅರ್ಧ ಗಂಟೆಯಲ್ಲಿ ಪದ್ಮನಾಭಶೆಟ್ಟರು ತಳ್ಳುಗಾಡಿಯಲ್ಲಿ ಮಲಗಿಕೊಂಡು ಗಂಗಹನುಮಕ್ಕನ ಜಗಲಿಗೆ ಬಂದರು. ಬಲ ಮಂಡಿ ಕುಂಬಳಕಾಯಿಯಾಗಿತ್ತು. ತಮ್ಮದೇ ಬಿಳಿ ಮಾತ್ರೆ ದಾರಿಯಲ್ಲೇ ನಾಲ್ಕು ನುಂಗಿದ್ದರು, ಉರಿ ಇಳಿದಿರಲಿಲ್ಲ.

"ಎಣ್ಣೆ ಹಚ್ಚು ತಾಯಿ, ನಿನ್ನ ದಮ್ಮಯ್ಯ."

"ಸರ್ಟಿಫಿಕೇಟ್ ಇಲ್ವಲ್ಲ ಶೆಟ್ರೇ" ಅಂದಳು ಗಂಗಹನುಮಕ್ಕ. ಶೆಟ್ಟರದೇ ಮಾತು, ಬಾಯಿಯಿಂದ ತಾನೇ ಬಂತು.

"ಸರ್ಟಿಫಿಕೇಟ್ ಮನೆ ಹಾಳಾಗ. ಹಚ್ಚಮ್ಮ."

ಅವಳು ಎಣ್ಣೆ ಬೆಚ್ಚಗೆ ಮಾಡಿ, ಅವಳವ್ವ ಕಲಿಸಿದ ಹಾಗೆ ಮೆಲ್ಲಗೆ, ಮೇಲಿಂದ ಕೆಳಕ್ಕೆ ನೀವಿದಳು. ಒಂದು ಗಳಿಗೆ, ಎರಡು ಗಳಿಗೆ. ಶೆಟ್ಟರ ಹುಬ್ಬಿನ ಗಂಟು ಸಡಿಲಿತು. "ನಾಳೆ ಹನ್ನೆರಡು ಸೀಸೆ ಕಳಿಸು" ಅಂದರು ಕಣ್ಣು ಮುಚ್ಚಿಕೊಂಡು. "ಮೇಲಿನ ಅಂಕಣದಲ್ಲಿ ಇಡ್ತೀನಿ. ಎದುರಿಗೇ ಕಾಣೋ ಹಾಗೆ."

ಗಂಗಹನುಮಕ್ಕನ ಕಣ್ಣು ತುಂಬಿತು. ಖುಷಿಗೆ ಅವರ ಎಡ ಮಂಡಿಗೂ ಒಂದಿಷ್ಟು ಎಣ್ಣೆ ಸುರಿಯಹೋದಳು. ಗಾಡಿ ತಳ್ಳಿಕೊಂಡು ಬಂದಿದ್ದ ಮೂಡ್ಲಗಿರಿ ಅವಳ ಕೈ ಹಿಡಿದ.

"ಬ್ಯಾಡ ಕಣವ್ವ, ಅದು ಹೋಲಿಸಿ ನೋಡಕ್ಕೆ. ಅದಕ್ಕೇ ಅದನ್ನ ಮುಟ್ಟದೆ ಬಿಟ್ಟಿವ್ನಿ."

ಅಷ್ಟು ಹೇಳಿ ಗುಂಡುಕಲ್ಲು ಎತ್ತಿಕೊಂಡ. ಇನ್ನೂ ಹತ್ತೊಂಬತ್ತು ಜನ ಬೇಕಿತ್ತು. ಮೊದಲನೆಯ ರೋಗಿ ಸಿಕ್ಕನಂತೆ ಅಂತ ಸುದ್ದಿ ಕೇಳಿ, ಡಾಕ್ಟರ್ ಮಂದಾಕಿನಿ ಆಗಷ್ಟೇ ಬಂದು ಜಗಲಿಯ ಕೆಳಗೆ ಬಗ್ಗಿ ಚಪ್ಪಲಿ ಬಿಡುತ್ತಿದ್ದರು. ಅವರ ಎರಡೂ ಮಂಡಿ ಬಲು ಚೆನ್ನಾಗಿದ್ದವು.

ಮುಂದಿನದನ್ನು ಹೇಳೋಣ ಅಂದರೆ ಗಂಟಲು ಒಣಗಿದೆ. ಕೆಮ್ಮೂ ಬಂತು ನೋಡಿ. ಅಂದ ಹಾಗೆ, ನನ್ನ ಚಹಾದ ದುಡ್ಡು ನೀವೇ ಕೊಟ್ಟುಬಿಡಿ.